ಫೋರ್ಕ್ ಆದ ಚೈನು ಹೊಸದೇ? ಪೋಡಿ ಆದ ಹೊಲದ ಲೆಕ್ಕದಲ್ಲಿ ಒಂದು ಉತ್ತರ

ಯಾದಗಿರಿ ತಾಲೂಕಿನ ಒಂದು ಊರಲ್ಲಿ ಸರ್ವೆ ನಂಬರ್ 45, ಎಂಟು ಎಕರೆ ಹೊಲ ಎಂದು ಇಟ್ಟುಕೊಳ್ಳಿ. ಅಣ್ಣ ತಮ್ಮ ಪಾಲಾಗುತ್ತಾರೆ. ಸರ್ವೆಯರ್ ಬಂದು ಅಳತೆ ಮಾಡುತ್ತಾನೆ, ಪೋಡಿ ಆಗುತ್ತದೆ. ಅಲ್ಲಿಂದ ಮುಂದೆ ಪಹಣಿ ತೆಗೆದರೆ 45/1 ಒಂದು, 45/2 ಇನ್ನೊಂದು. ಅಜ್ಜನ ಖರೀದಿ ಪತ್ರ, ಅಪ್ಪನ ಹೆಸರಿಗಾದ ಮ್ಯುಟೇಶನ್, ತೀರಿಸಿದ ಬೆಳೆಸಾಲ ಎಲ್ಲವೂ ಎರಡೂ ಹಿಸ್ಸೆಯ ಹಿಂದಿನ ದಾಖಲೆಯೇ. ಮುಂದಿನ ಸಾಲ, ಮುಂದಿನ ಮಾರಾಟ ಮಾತ್ರ ಬೇರೆ ಬೇರೆ. ಇದರಲ್ಲಿ ಹಳೇ ಹೊಲ ಯಾವುದು, ಹೊಸದು ಯಾವುದು ಎಂದು ಯಾರೂ ಜಗಳ ಆಡುವುದಿಲ್ಲ. ಎರಡಕ್ಕೂ ಹೊಸ ನಂಬರು ಬಿದ್ದಿದೆ, ನಂಬರು ಕೊಡಲು ಒಂದು ಕಚೇರಿ ಇದೆ.

ಬ್ಲಾಕ್‌ಚೈನಿನಲ್ಲಿ, ಅಂದರೆ ವಹಿವಾಟಿನ ಕಂತೆಗಳನ್ನು (ಬ್ಲಾಕ್) ಒಂದರ ಹಿಂದೊಂದು ಪೋಣಿಸಿ ಅನೇಕ ಕಂಪ್ಯೂಟರುಗಳು ಒಟ್ಟಾಗಿ ಇಡುವ ಲೆಕ್ಕದ ಪುಸ್ತಕದಲ್ಲಿ, ಆ ಕಚೇರಿ ಇಲ್ಲ. ಫೋರ್ಕ್ ಆದ ಮೇಲೆ, ಅಂದರೆ ಚೈನು ಕವಲೊಡೆದ ಮೇಲೆ, ಎರಡೂ ಕವಲುಗಳು ಹಳೆಯ ಹೆಸರನ್ನೇ ಕೇಳಬಹುದು, ಎರಡೂ "ನಾವೇ ಮೂಲ" ಎನ್ನಬಹುದು. ಹೊಲಕ್ಕೂ ಚೈನಿಗೂ ಇನ್ನೊಂದು ವ್ಯತ್ಯಾಸ ಇದೆ. ಎಂಟು ಎಕರೆ ಪಾಲಾದರೆ ನಾಲ್ಕು ನಾಲ್ಕು ಆಗುತ್ತದೆ. ಎಂಟು ನಾಣ್ಯ ಇದ್ದ ಚೈನು ಒಡೆದರೆ ಈ ಪುಸ್ತಕದಲ್ಲೂ ಎಂಟು, ಆ ಪುಸ್ತಕದಲ್ಲೂ ಎಂಟು ಕಾಣಿಸುತ್ತದೆ. ಬೆಲೆ ಎಷ್ಟಕ್ಕೆ ಹಂಚಿಹೋಗುತ್ತದೆ ಎಂಬುದನ್ನು ಮಾರುಕಟ್ಟೆ ಆಮೇಲೆ ಹೇಳುತ್ತದೆ.

ಫೋರ್ಕ್ ಆದ ಮಾತ್ರಕ್ಕೆ ಹೊಸ ಚೈನು ಹುಟ್ಟುವುದಿಲ್ಲ. ಎರಡು ಗುಂಪುಗಳು ಪರಸ್ಪರರ ಬ್ಲಾಕನ್ನು ಒಪ್ಪದೆ, ಎರಡೂ ಕಡೆ ಕೆಲಸ ನಿಲ್ಲದೆ ನಡೆದು, ಒಂದು ಕಡೆಯ ನಾಣ್ಯವನ್ನು ಇನ್ನೊಂದು ಕಡೆ ಮುಟ್ಟದೆ ಖರ್ಚು ಮಾಡಲು ಬಂದಾಗ ಮಾತ್ರ ಎರಡು ಚೈನು ಎನ್ನಬೇಕು. ಹಾಗೆ ಆದಾಗಲೂ ಎರಡರಲ್ಲಿ "ಹೊಸದು" ಯಾವುದು ಎಂಬುದನ್ನು ಗಣಿತ ತೀರ್ಮಾನಿಸುವುದಿಲ್ಲ, ಬಳಸುವ ಜನ ತೀರ್ಮಾನಿಸುತ್ತಾರೆ. ಇದು ನಮ್ಮ ನಿಲುವು. ಅದಕ್ಕೆ ಕಾರಣ ಕೆಳಗಿದೆ.

ಮೊದಲು ಒಂದು ಗೊಂದಲ ತೆಗೆಯಬೇಕು. ಫೋರ್ಕ್ ಎಂಬ ಒಂದೇ ಶಬ್ದವನ್ನು ಬೇರೆ ಬೇರೆ ಸಂಗತಿಗಳಿಗೆ ಬಳಸುತ್ತಾರೆ. 2011ರಲ್ಲಿ ಬಂದ ಲೈಟ್‌ಕಾಯಿನ್ ಬಿಟ್‌ಕಾಯಿನಿನ ಪ್ರೋಗ್ರಾಮನ್ನು ನಕಲು ಮಾಡಿ, ಬ್ಲಾಕಿನ ಅವಧಿಯನ್ನು 10 ನಿಮಿಷದಿಂದ ಎರಡೂವರೆ ನಿಮಿಷಕ್ಕೆ ಇಳಿಸಿ, ತನ್ನದೇ ಮೊದಲ ಬ್ಲಾಕಿನಿಂದ ಶುರುವಾಯಿತು. ಇದು ಪ್ರೋಗ್ರಾಮಿನ ಫೋರ್ಕ್. ಹಿಂದಿನ ಲೆಕ್ಕ ಯಾವುದೂ ಹಂಚಿಕೆ ಆಗಿಲ್ಲ, ಹಾಗಾಗಿ ಹೊಸ ಚೈನು ಎನ್ನಲು ಯಾವ ಅನುಮಾನವೂ ಇಲ್ಲ. ಇನ್ನೊಂದು ತುದಿಯಲ್ಲಿ, ಇಬ್ಬರು ಮೈನರ್‌ಗಳಿಗೆ (ಕಂಪ್ಯೂಟರ್ ಬಲ ಹಾಕಿ ಹೊಸ ಬ್ಲಾಕ್ ಕಟ್ಟಿ ಬಹುಮಾನ ಪಡೆಯುವವರಿಗೆ) ಹೆಚ್ಚೂಕಡಿಮೆ ಒಂದೇ ಹೊತ್ತಿಗೆ ಬ್ಲಾಕ್ ಸಿಕ್ಕಿ ಕೆಲವು ನಿಮಿಷ ಎರಡು ತುದಿ ಕಾಣುವುದೂ ಫೋರ್ಕೇ. ಮುಂದಿನ ಬ್ಲಾಕ್ ಯಾವ ತುದಿಗೆ ಅಂಟುತ್ತದೋ ಅದು ಉಳಿಯುತ್ತದೆ, ಇನ್ನೊಂದು ಬಿದ್ದುಹೋಗುತ್ತದೆ. ಬಿಟ್‌ಕಾಯಿನಿನಲ್ಲಿ ದೊಡ್ಡ ಮೊತ್ತಕ್ಕೆ ಆರು ದೃಢೀಕರಣ (ವಹಿವಾಟು ಸೇರಿದ ಬ್ಲಾಕನ್ನೂ ಹಿಡಿದು ಆರು ಬ್ಲಾಕ್), ಅಂದರೆ ಸುಮಾರು ಒಂದು ಗಂಟೆ ಕಾಯುವ ರೂಢಿ ಬಂದದ್ದು ಇದೇ ಕಾರಣಕ್ಕೆ. ಇದನ್ನು ಹೊಸ ಚೈನು ಎನ್ನುವವರು ಯಾರೂ ಇಲ್ಲ.

ಕಷ್ಟ ಇರುವುದು ಇವೆರಡರ ನಡುವೆ.

ಲ್ಯಾಬಿನಲ್ಲಿ ಮಾಡಿ ನೋಡುವುದು

ಕಲಬುರಗಿ, ಬೀದರ್‌ನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ವಿಷಯ ಪುಸ್ತಕದಿಂದ ತಲೆಗೆ ಹತ್ತುವುದಕ್ಕಿಂತ ಒಂದು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡಿದರೆ ಬೇಗ ಹತ್ತುತ್ತದೆ. ಬಿಟ್‌ಕಾಯಿನ್ ಕೋರ್ ತಂತ್ರಾಂಶದಲ್ಲಿ ರೆಗ್‌ಟೆಸ್ಟ್ ಎಂಬ ಪರೀಕ್ಷಾ ವಿಧಾನ ಇದೆ. ನಿಜವಾದ ದುಡ್ಡು ಬೇಡ, ಬ್ಲಾಕ್ ಬೇಕೆಂದಾಗ ಕ್ಷಣದಲ್ಲಿ ಸಿಗುತ್ತದೆ. ಎರಡು ನೋಡ್, ಅಂದರೆ ಚೈನಿನ ಪ್ರತಿ ಇಟ್ಟುಕೊಂಡು ಪ್ರತಿ ಬ್ಲಾಕನ್ನೂ ಪರಿಶೀಲಿಸುವ ಪ್ರೋಗ್ರಾಮುಗಳನ್ನು, ಎಬ್ಬಿಸಿ. ಎರಡಕ್ಕೂ ಬೇರೆ ಬೇರೆ ಡೇಟಾ ಫೋಲ್ಡರ್, ಬೇರೆ ಬೇರೆ ಪೋರ್ಟ್ ಕೊಡಬೇಕು. ಫೋಲ್ಡರ್ ಒಂದೇ ಕೊಟ್ಟರೆ ಎರಡನೆಯ ನೋಡ್ ಏಳುವುದೇ ಇಲ್ಲ, ಮೊದಲನೆಯದು ಅದಕ್ಕೆ ಬೀಗ ಹಾಕಿಕೊಂಡಿರುತ್ತದೆ. ಎರಡನ್ನೂ ಜೋಡಿಸಿ 101 ಬ್ಲಾಕ್ ಮೈನ್ ಮಾಡಿ. ನೂರಾ ಒಂದೇ ಏಕೆಂದರೆ ಬ್ಲಾಕಿನ ಬಹುಮಾನದ ನಾಣ್ಯ ಅದರ ಮೇಲೆ 100 ಬ್ಲಾಕ್ ಕೂರುವವರೆಗೆ ಖರ್ಚಿಗೆ ಬರುವುದಿಲ್ಲ. ಹಣ ಕಳಿಸುವಾಗ ಶುಲ್ಕದ ಅಂದಾಜು ಸಿಗಲಿಲ್ಲ ಎಂದು ದೋಷ ಬಂದರೆ ಗಾಬರಿ ಬೇಡ, ನೋಡ್ ಶುರು ಮಾಡುವಾಗ ಫಾಲ್‌ಬ್ಯಾಕ್‌ಫೀ ಎಂಬ ಆಯ್ಕೆಗೆ ಒಂದು ಸಣ್ಣ ಮೊತ್ತ ಬರೆಯಬೇಕು, ಅಷ್ಟೆ.

ಈಗ ಎರಡರ ಸಂಪರ್ಕ ಕಡಿಯಿರಿ. ಮೊದಲ ನೋಡಿನಲ್ಲಿ 3 ಬ್ಲಾಕ್, ಎರಡನೆಯದರಲ್ಲಿ 5 ಬ್ಲಾಕ್ ಮೈನ್ ಮಾಡಿ ಮತ್ತೆ ಜೋಡಿಸಿ. ಮೊದಲ ನೋಡಿಗೆ ಗೆಟ್‌ಚೈನ್‌ಟಿಪ್ಸ್ ಎಂಬ ಆಜ್ಞೆ ಕೊಟ್ಟು ನೋಡಿದರೆ ಎರಡು ತುದಿ ತೋರಿಸುತ್ತದೆ. 106ನೇ ಎತ್ತರದ್ದು "ಆಕ್ಟಿವ್", 104ನೇ ಎತ್ತರದ್ದು "ವ್ಯಾಲಿಡ್ ಫೋರ್ಕ್", ಕವಲಿನ ಉದ್ದ 3. ಆ ಮೂರು ಬ್ಲಾಕಿನಲ್ಲಿ ಕಳಿಸಿದ್ದ ಹಣದ ವಹಿವಾಟುಗಳು ಕಾಯುವ ಸಾಲಿಗೆ ಮರಳಿವೆ, ಮೂರು ಬಹುಮಾನಗಳು ಮಾತ್ರ ಹೋದವು. ನೋಡ್ ತಾನಾಗಿಯೇ ಹೆಚ್ಚು ಕೆಲಸ ತುಂಬಿದ ಕವಲಿಗೆ ಹೋಗಿ ಕೂತಿತು.

ಮುಂದಿನ ಹೆಜ್ಜೆಯೇ ಮುಖ್ಯ. ಅದೇ ಮೊದಲ ನೋಡಿಗೆ ಇನ್‌ವ್ಯಾಲಿಡೇಟ್‌ಬ್ಲಾಕ್ ಎಂಬ ಆಜ್ಞೆ ಕೊಟ್ಟು, ಎರಡನೆಯ ಕವಲಿನ 102ನೇ ಬ್ಲಾಕನ್ನು "ಒಪ್ಪಬೇಡ" ಎನ್ನಿ. ನೋಡ್ ಹಿಂದೆ ಸರಿದು ತನ್ನ ಮೂರು ಬ್ಲಾಕಿನ ಕವಲಿಗೇ ಮರಳುತ್ತದೆ. ಆ ಕಡೆ ಐದಲ್ಲ, ಐನೂರು ಬ್ಲಾಕ್ ಬಂದರೂ ಇನ್ನು ತಿರುಗಿ ನೋಡುವುದಿಲ್ಲ. ಗೆಟ್‌ಚೈನ್‌ಟಿಪ್ಸ್ ಆಜ್ಞೆಗೆ ಈಗ ಆ ಕವಲಿನ ಬಗ್ಗೆ ಉತ್ತರ "ಇನ್‌ವ್ಯಾಲಿಡ್". ಬ್ಲಾಕಿನೊಳಗಿನ ಒಂದು ಅಕ್ಷರವೂ ಬದಲಾಗಿಲ್ಲ, ಬದಲಾದದ್ದು ಒಪ್ಪಿಗೆ. ನಿಜ ಜಗತ್ತಿನ ಹಾರ್ಡ್ ಫೋರ್ಕಿನಲ್ಲಿ (ಹೊಸ ನಿಯಮದ ಬ್ಲಾಕನ್ನು ಹಳೆಯ ನೋಡ್ ಒಪ್ಪದ ಫೋರ್ಕಿನಲ್ಲಿ) "ಒಪ್ಪಬೇಡ" ಎಂಬ ಆಜ್ಞೆಯನ್ನು ಕೈಯಿಂದ ಕೊಡುವುದಿಲ್ಲ, ಬದಲಾದ ನಿಯಮವೇ ಅದನ್ನು ಕೊಡುತ್ತದೆ. "ವ್ಯಾಲಿಡ್ ಫೋರ್ಕ್" ಎಂದು ಕಾಣುವವರೆಗೆ ಒಂದೇ ಚೈನು, "ಇನ್‌ವ್ಯಾಲಿಡ್" ಎಂದು ಕಾಣತೊಡಗಿದರೆ ಎರಡಾಗುವ ದಾರಿ. ನಮ್ಮ ವಾದದ ಅರ್ಧ ಭಾಗ ಈ ಎರಡು ಪದಗಳಲ್ಲಿದೆ.

ಒಡೆದೂ ಎರಡಾಗದ ಪ್ರಸಂಗಗಳು

ಆದರೆ ಒಪ್ಪಿಗೆ ತಪ್ಪಿದ ತಕ್ಷಣ ಹೊಸ ಚೈನು ಹುಟ್ಟಿತು ಎಂದೂ ಅಲ್ಲ. 2013ರ ಮಾರ್ಚ್ 11–12ರ ರಾತ್ರಿ ಬಿಟ್‌ಕಾಯಿನಿನ 2,25,430ನೇ ಬ್ಲಾಕನ್ನು ಅದರ ತಂತ್ರಾಂಶದ 0.8 ಆವೃತ್ತಿ ಒಪ್ಪಿತು, 0.7 ಒಪ್ಪಲಿಲ್ಲ. ನಿಯಮ ಬದಲಿಸುವ ಉದ್ದೇಶ ಯಾರಿಗೂ ಇರಲಿಲ್ಲ. ಹಳೆಯ ಆವೃತ್ತಿಯ ಡೇಟಾಬೇಸಿಗೆ ಒಮ್ಮೆಗೆ ಇಷ್ಟೇ ಬೀಗ ಹಾಕಬಹುದೆಂಬ ಮಿತಿ ಇತ್ತು, ಆ ದೊಡ್ಡ ಬ್ಲಾಕ್ ಮಿತಿ ದಾಟಿತು. ಹೊಸ ಆವೃತ್ತಿಯ ಡೇಟಾಬೇಸೇ ಬೇರೆ ಆಗಿತ್ತು. ಸುಮಾರು ಆರು ಗಂಟೆ ಎರಡು ಕವಲು ಬೆಳೆದವು. ಹೆಚ್ಚಿನ ಮೈನಿಂಗ್ ಬಲ ಹೊಸ ಆವೃತ್ತಿಯ ಕಡೆಗಿದ್ದರೂ ದೊಡ್ಡ ಪೂಲ್‌ಗಳು (ಒಟ್ಟಾಗಿ ಮೈನಿಂಗ್ ಮಾಡುವ ಗುಂಪುಗಳು) ಬೇಕೆಂದೇ 0.7ಕ್ಕೆ ಮರಳಿದವು, 24 ಬ್ಲಾಕ್ ಕೈಬಿಟ್ಟರು. ಎರಡು ಕವಲಿಗೂ ನಾಣ್ಯ ಇತ್ತು, ಲೆಕ್ಕ ಇತ್ತು. ಒಂದನ್ನು ಮುಂದುವರಿಸಲು ಜನ ಇರಲಿಲ್ಲ, ಹಾಗಾಗಿ ಅದು ಚೈನು ಆಗಲಿಲ್ಲ.

ಸಾಫ್ಟ್ ಫೋರ್ಕಿನಲ್ಲಿ ನಿಯಮ ಬಿಗಿಯಾಗುತ್ತದೆ, ಹೊಸ ನಿಯಮದ ಬ್ಲಾಕನ್ನು ಹಳೆಯ ನೋಡ್ ಸಹ ಒಪ್ಪುತ್ತದೆ. 2017ರ ಆಗಸ್ಟ್ 24ರಂದು 4,81,824ನೇ ಬ್ಲಾಕಿನಲ್ಲಿ ಜಾರಿಯಾದ ಸೆಗ್‌ವಿಟ್ ಎಂಬ ನಿಯಮ ಬದಲಾವಣೆ ಹೀಗೆ ಬಂತು, ಚೈನು ಒಡೆಯಲಿಲ್ಲ. ಆದರೆ ಸಾಫ್ಟ್ ಎಂದಾಕ್ಷಣ ಅಪಾಯ ಇಲ್ಲ ಎನ್ನುವಂತಿಲ್ಲ. 2015ರ ಜುಲೈ 4ರಂದು ಬಿಗಿಯಾದ ಸಹಿ ನಿಯಮ ಜಾರಿಗೆ ಬಂದ ಕೂಡಲೇ ಒಬ್ಬ ಮೈನರ್ ಹಳೆಯ ರೀತಿಯ ಬ್ಲಾಕ್ ಹೊರಡಿಸಿದ. ಬ್ಲಾಕನ್ನು ಪೂರ್ತಿ ಪರಿಶೀಲಿಸದೆ ಅದರ ತಲೆಬರಹ ನೋಡಿಯೇ ಮುಂದಿನ ಬ್ಲಾಕ್ ಕಟ್ಟುತ್ತಿದ್ದ ದೊಡ್ಡ ಪೂಲ್‌ಗಳು ಅದರ ಮೇಲೆಯೇ ಕಟ್ಟುತ್ತ ಹೋದವು. ಆರು ಬ್ಲಾಕ್ ವ್ಯರ್ಥವಾದವು. ಪರಿಶೀಲನೆಯಲ್ಲಿ ಸೋಮಾರಿತನ ಮಾಡಿದರೆ ಯಾವ ನಿಯಮವೂ ಕಾಯುವುದಿಲ್ಲ.

ಇದೇ ಪ್ರಶ್ನೆ ಈಗ ಮತ್ತೆ ಎದ್ದಿದೆ. 2025ರ ಅಕ್ಟೋಬರಿನ ಬಿಟ್‌ಕಾಯಿನ್ ಕೋರ್ 30ನೇ ಆವೃತ್ತಿ, ವಹಿವಾಟಿನ ಜೊತೆ ಸಾಗಿಸಬಹುದಾದ ಹೊರಗಿನ ಡೇಟಾದ ಮಿತಿಯನ್ನು ಬಹಳ ಸಡಿಲಿಸಿತು. ಇದು ನೋಡ್ ಯಾವುದನ್ನು ಮುಂದೆ ದಾಟಿಸುತ್ತದೆ ಎಂಬ ರೂಢಿಯ ಬದಲಾವಣೆ, ಬ್ಲಾಕ್ ಸಿಂಧುವೇ ಅಲ್ಲವೇ ಎಂಬ ನಿಯಮದ ಬದಲಾವಣೆ ಅಲ್ಲ. ಆದ್ದರಿಂದ ಅದರಿಂದ ಚೈನು ಒಡೆಯುವುದಿಲ್ಲ. ಅದನ್ನು ವಿರೋಧಿಸಿ, ಅಂಥ ಡೇಟಾವನ್ನು ತಾತ್ಕಾಲಿಕವಾಗಿ ಬ್ಲಾಕಿನಲ್ಲೇ ನಿಷೇಧಿಸುವ ಸಾಫ್ಟ್ ಫೋರ್ಕಿನ ಪ್ರಸ್ತಾವ ಬಂತು. ಅದು ನಿಯಮದ ಮಾತು. ಮೈನರ್‌ಗಳ ಒಂದು ಭಾಗ ಮಾತ್ರ ಅದನ್ನು ಹಿಡಿದು, ಉಳಿದವರು ನಿಷೇಧಿತ ಡೇಟಾ ಇರುವ ಬ್ಲಾಕ್ ಕಟ್ಟಿದರೆ ಆಗ ನಿಜವಾಗಿ ಎರಡು ತುದಿ ಬರುತ್ತವೆ. ಸುದ್ದಿ ಓದುವಾಗ ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಹೆಸರು ಯಾರಿಗೆ ಹೋಯಿತು

2016ರ ಜೂನ್ 17ರಂದು ಇಥೀರಿಯಂ ಎಂಬ ಇನ್ನೊಂದು ಬ್ಲಾಕ್‌ಚೈನಿನ ಮೇಲಿನ ದಿ ಡಾವೋ ಎಂಬ ನಿಧಿಯಿಂದ ಸುಮಾರು 36 ಲಕ್ಷ ಈಥರ್ (ಇಥೀರಿಯಂನ ನಾಣ್ಯ) ದೋಷವೊಂದರ ಮೂಲಕ ಹೊರಹೋಯಿತು. ಜುಲೈ 20ರಂದು 19,20,000ನೇ ಬ್ಲಾಕಿನಲ್ಲಿ ಹಾರ್ಡ್ ಫೋರ್ಕ್ ಮಾಡಿ ಆ ಹಣವನ್ನು ವಾಪಸಾತಿ ಒಪ್ಪಂದವೊಂದಕ್ಕೆ ಸರಿಸಿದರು. ಹಿಂದಿನ ಬ್ಲಾಕುಗಳನ್ನು ಅಳಿಸಿದರು ಎಂದು ಅನೇಕರು ಬರೆಯುತ್ತಾರೆ, ಅದು ತಪ್ಪು. ಹಿಂದಿನದು ಹಾಗೇ ಉಳಿಯಿತು, ಆ ಒಂದು ಬ್ಲಾಕಿನಲ್ಲಿ ಶಿಲ್ಕು ಮಾತ್ರ ತಿದ್ದಿದರು. ಎರಡು ಕವಲು ಬೆರೆಯದಿರಲೆಂದು ಆ ಬ್ಲಾಕಿನಿಂದ ಹತ್ತು ಬ್ಲಾಕುಗಳ ತಲೆಬರಹದಲ್ಲಿ ಡಾವೋ ಹಾರ್ಡ್ ಫೋರ್ಕ್ ಎಂಬ ಗುರುತು ಕಡ್ಡಾಯ ಮಾಡಿದರು. ತಿದ್ದುಪಡಿ ಒಪ್ಪದವರು ಹಳೆಯ ನಿಯಮದಲ್ಲೇ ಮುಂದುವರಿದರು. ಅದೇ ಇಂದಿನ ಇಥೀರಿಯಂ ಕ್ಲಾಸಿಕ್.

ನಿಯಮ ಬದಲಿಸಿದ ಕವಲಿಗೆ ಹಳೆಯ ಹೆಸರು ಉಳಿಯಿತು, ನಿಯಮ ಬದಲಿಸದೆ ಇದ್ದ ಕವಲಿಗೆ ಹೊಸ ಹೆಸರು ಬಂತು. "ನಿಯಮ ಬದಲಿಸಿದ್ದೇ ಹೊಸ ಚೈನು" ಎಂಬ ಸರಳ ಸೂತ್ರ ಇಲ್ಲಿ ಬಿದ್ದುಹೋಗುತ್ತದೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಮೈನಿಂಗನ್ನೇ ಬಿಟ್ಟು, ನಾಣ್ಯ ಒತ್ತೆ ಇಟ್ಟವರು ಬ್ಲಾಕ್ ಕಟ್ಟುವ ಪ್ರೂಫ್ ಆಫ್ ಸ್ಟೇಕಿಗೆ ಹೋಯಿತು. ಅದಕ್ಕಿಂತ ದೊಡ್ಡ ಬದಲಾವಣೆ ಇಲ್ಲ, ಆದರೂ ಚೈನನ್ನು ಗುರುತಿಸುವ ಸಂಖ್ಯೆಯಾದ ಅದರ ಚೈನ್ ಐಡಿ 1 ಹಾಗೇ ಉಳಿಯಿತು. ಮೈನಿಂಗ್ ಬಿಡದವರ ಕವಲು 10001 ಎಂಬ ಹೊಸ ಐಡಿ ಹಾಕಿಕೊಂಡಿತು. ಮೊದಲ ಬ್ಲಾಕ್ ನೋಡಿ ಹೇಳೋಣ ಎಂದರೆ ಅದೂ ಆಗದು, ಕವಲೊಡೆದ ಎರಡಕ್ಕೂ ಮೊದಲ ಬ್ಲಾಕ್ ಒಂದೇ.

ನಮ್ಮ ಜಿಲ್ಲೆಗಳಲ್ಲೇ ಇದರ ಹೋಲಿಕೆ ಸಿಗುತ್ತದೆ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿ ಆಯಿತು, ಹೊಸ ಜಿಲ್ಲೆ ಹುಟ್ಟಿತೆಂದು ಯಾರೂ ಹೇಳಲಿಲ್ಲ. ಅದಕ್ಕೆ ಮೊದಲು ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳು ಬೇರೆಯಾಗಿ ಯಾದಗಿರಿ ಜಿಲ್ಲೆ ಆದಾಗ ಮೂರು ತಾಲೂಕು ಕಳೆದುಕೊಂಡ ಭಾಗ ಗುಲ್ಬರ್ಗ ಜಿಲ್ಲೆಯಾಗಿಯೇ ಮುಂದುವರಿಯಿತು. ಜಿಲ್ಲೆಗಾದರೆ ಸರ್ಕಾರದ ಆದೇಶ ಇತ್ತು. ಚೈನಿಗೆ ಆ ಆದೇಶ ಕೊಡುವವರು ನಾಣ್ಯ ಕೊಂಡು ಮಾರುವ ತಾಣಗಳಾದ ಎಕ್ಸ್‌ಚೇಂಜ್‌ಗಳು, ನಾಣ್ಯದ ಕೀಲಿ ಇಡುವ ವ್ಯಾಲೆಟ್ ಮಾಡುವವರು, ಮತ್ತು ಹೊರಗಿನ ಆಸ್ತಿಯ ಮೇಲೆ ಟೋಕನ್ ಕೊಟ್ಟವರು.

ಈ ಕೊನೆಯವರ ತೂಕ ಎಷ್ಟೆಂದು ಕಲಬುರಗಿ ನೆಹರು ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಗೋದಾಮಿನಲ್ಲಿ ನೂರು ಚೀಲ ತೊಗರಿ ಇದೆ, ರಸೀದಿ ಕೈಯಲ್ಲಿದೆ. ರಸೀದಿ ಜೆರಾಕ್ಸ್ ಮಾಡಿದರೆ ತೊಗರಿ ಇನ್ನೂರು ಚೀಲ ಆಗುವುದಿಲ್ಲ. ಗೋದಾಮಿನವರು ಯಾವ ಕಾಗದಕ್ಕೆ ಚೀಲ ಎತ್ತಿ ಕೊಡುತ್ತಾರೋ ಅದೇ ರಸೀದಿ. ಡಾಲರ್ ಆಧಾರದ ಯುಎಸ್‌ಡಿಟಿ, ಯುಎಸ್‌ಡಿಸಿ ಟೋಕನ್‌ಗಳು ಫೋರ್ಕ್ ಆದಾಗ ಎರಡೂ ಕವಲಿನಲ್ಲಿ ಕಾಣುತ್ತವೆ, ಆದರೆ ಬ್ಯಾಂಕಿನಲ್ಲಿನ ಡಾಲರ್ ಒಂದೇ. 2022ರ ಬದಲಾವಣೆಗೆ ಮುಂಚೆಯೇ ಅವುಗಳ ವಿತರಕರಾದ ಟೆಥರ್ ಮತ್ತು ಸರ್ಕಲ್ ಎರಡೂ ಸ್ಟೇಕಿನ ಕವಲನ್ನು ಮಾತ್ರ ಒಪ್ಪುತ್ತೇವೆ ಎಂದವು. ಮೈನಿಂಗ್ ಕವಲಿನಲ್ಲಿ ಆ ಟೋಕನ್‌ಗಳು ಬೆಲೆ ಇಲ್ಲದ ಅಂಕಿಗಳಾದವು, ಅವುಗಳ ಮೇಲೆ ನಿಂತ ಸಾಲದ ಒಪ್ಪಂದಗಳೂ ಕುಸಿದವು. ಹೆಸರಿನ ತೀರ್ಮಾನಕ್ಕೆ ಮೈನರ್‌ಗಿಂತ ಈ ವಿತರಕರ ಮಾತೇ ಈಗ ಭಾರ ಎಂಬುದು ನಮ್ಮ ಅಭಿಪ್ರಾಯ.

ಬದುಕಿ ಉಳಿಯುವ ಲೆಕ್ಕ

ಚಿಕ್ಕ ಕವಲು ಏಕೆ ಸಾಯುತ್ತದೆ ಎಂಬುದಕ್ಕೆ ಒಂದು ಗುಣಾಕಾರ ಸಾಕು. ಬಿಟ್‌ಕಾಯಿನಿನಲ್ಲಿ ಮೈನಿಂಗಿನ ಕಷ್ಟದ ಮಟ್ಟ 2016 ಬ್ಲಾಕಿಗೊಮ್ಮೆ ಮಾತ್ರ ಬದಲಾಗುತ್ತದೆ. ಫೋರ್ಕ್ ಆದ ದಿನ ಮೈನಿಂಗ್ ಬಲದ ಶೇ 5 ಮಾತ್ರ ಒಂದು ಕವಲಿನ ಕಡೆ ಬಂತೆನ್ನಿ. ಕಷ್ಟದ ಮಟ್ಟ ಹಳೆಯದೇ, ಬಲ ಇಪ್ಪತ್ತರಲ್ಲಿ ಒಂದು ಪಾಲು. ಹಾಗಾಗಿ 10 ನಿಮಿಷದ ಬ್ಲಾಕಿಗೆ 200 ನಿಮಿಷ ಬೇಕು. ಅವಧಿಯ ಆರಂಭದಲ್ಲೇ ಒಡೆದಿದ್ದರೆ 2016 ಬ್ಲಾಕಿಗೆ 280 ದಿನ. ಅಷ್ಟು ದಿನ ಯಾವ ಮೈನರ್ ಕಾಯುತ್ತಾನೆ?

2017ರ ಆಗಸ್ಟ್ 1ರಂದು 4,78,558ನೇ ಬ್ಲಾಕಿನ ನಂತರ ಬೇರೆಯಾದ ಬಿಟ್‌ಕಾಯಿನ್ ಕ್ಯಾಶ್ ಇದನ್ನು ಮೊದಲೇ ಯೋಚಿಸಿತ್ತು. ಆರು ಬ್ಲಾಕಿಗೆ 12 ಗಂಟೆಗಿಂತ ಹೆಚ್ಚು ಹಿಡಿದರೆ ಕಷ್ಟದ ಮಟ್ಟ ಶೇ 20 ಇಳಿಯುವಂತೆ ಮಾಡಿತು. ಕವಲಿನ ಮೊದಲ ಬ್ಲಾಕ್ 10 ಲಕ್ಷ ಬೈಟಿಗಿಂತ ದೊಡ್ಡದೇ ಇರಬೇಕು ಎಂಬ ನಿಯಮವನ್ನೂ ಇಟ್ಟಿತು. ಹಳೆಯ ನೋಡ್ ಆ ಬ್ಲಾಕನ್ನು ಖಂಡಿತ ತಿರಸ್ಕರಿಸುತ್ತದೆ, ಹೊಸ ನೋಡ್ ಹಳೆಯ ಕವಲಿಗೆ ಹಿಂದಿರುಗಲು ಆಗುವುದಿಲ್ಲ. ಬಾಗಿಲು ಎರಡೂ ಕಡೆಯಿಂದ ಮುಚ್ಚಿತು. ಆದರೆ ಆ ತುರ್ತು ಇಳಿಕೆಗೆ ತನ್ನದೇ ಕೇಡು ಇತ್ತು. ಮೈನರ್‌ಗಳು ಕಷ್ಟ ಇಳಿಯುವವರೆಗೆ ಬಿಟ್ಟುಹೋಗಿ, ಇಳಿದ ಮೇಲೆ ಗುಂಪಾಗಿ ನುಗ್ಗಿ ಬ್ಲಾಕ್ ದೋಚತೊಡಗಿದರು. ಅದೇ ವರ್ಷ ನವೆಂಬರ್ 13ರಂದು ಆ ಸೂತ್ರವನ್ನೇ ತೆಗೆದು ಬೇರೆ ಸೂತ್ರ ಹಾಕಬೇಕಾಯಿತು. ಇಥೀರಿಯಂನಲ್ಲಿ ಕಷ್ಟದ ಮಟ್ಟ ಪ್ರತಿ ಬ್ಲಾಕಿಗೂ ಹೊಂದಿಕೊಳ್ಳುತ್ತಿದ್ದುದರಿಂದ ಕ್ಲಾಸಿಕ್‌ಗೆ ಈ ಸಂಕಟ ಅಷ್ಟಾಗಿ ತಟ್ಟಲಿಲ್ಲ. ಆದರೆ ಬಲ ಕಡಿಮೆ ಇರುವ ಕವಲಿಗೆ ಇನ್ನೊಂದು ಅಪಾಯ ಇದ್ದೇ ಇದೆ. 2019ರ ಜನವರಿಯಲ್ಲೂ 2020ರ ಆಗಸ್ಟಿನಲ್ಲೂ ಕ್ಲಾಸಿಕ್ ಮೇಲೆ ಬಹುಮತದ ಮೈನಿಂಗ್ ಬಲ ಹಿಡಿದವರ ದಾಳಿ ನಡೆದು, ಕೊಟ್ಟ ಹಣ ಹಿಂದಕ್ಕೆ ಹೋಯಿತು.

ಎರಡು ಕವಲೂ ಬದುಕಿದರೂ, ಒಂದು ಕಡೆ ಸಹಿ ಮಾಡಿದ ವಹಿವಾಟನ್ನು ಯಾರಾದರೂ ಎತ್ತಿಕೊಂಡು ಇನ್ನೊಂದು ಕಡೆ ಹಾಕಬಹುದು. ಸಹಿ ಎರಡೂ ಕಡೆ ಸರಿಯೇ. ಇದಕ್ಕೆ ರೀಪ್ಲೇ ಎನ್ನುತ್ತಾರೆ. 2016ರಲ್ಲಿ ಈಥರ್ ಹಿಂಪಡೆದ ಗ್ರಾಹಕರಿಗೆ ಎಕ್ಸ್‌ಚೇಂಜಿನ ಕ್ಲಾಸಿಕ್ ನಾಣ್ಯವೂ ಜೊತೆಗೆ ಹೋದದ್ದು ಹೀಗೇ. ಇಥೀರಿಯಂನಲ್ಲಿ ಆ ನವೆಂಬರಿನಲ್ಲಿ, ಕ್ಲಾಸಿಕ್‌ನಲ್ಲಿ 2017ರ ಜನವರಿಯಲ್ಲಿ ಇಐಪಿ-155 ಎಂಬ ತಿದ್ದುಪಡಿ ಬಂದು ಸಹಿಯೊಳಗೆ ಚೈನ್ ಐಡಿ ಸೇರಿಸಲು ಸಾಧ್ಯವಾಯಿತು: ಇಥೀರಿಯಂಗೆ 1, ಕ್ಲಾಸಿಕ್‌ಗೆ 61. ಎರಡು ಚೈನು ಎಂದು ಧೈರ್ಯವಾಗಿ ಹೇಳಲು ಅಂದಿನಿಂದ ಬಂತು ಎಂದು ನಮ್ಮ ಎಣಿಕೆ. ಬಿಟ್‌ಕಾಯಿನ್ ಕ್ಯಾಶ್ ಸಹಿಯ ವಿಧಾನವನ್ನು ಮೊದಲ ದಿನವೇ ಬದಲಿಸಿದ್ದರಿಂದ ಈ ನಷ್ಟ ತಪ್ಪಿತು. ಆದರೆ ವಿಳಾಸದ ರೂಪ ಒಂದೇ ಉಳಿದದ್ದರಿಂದ ಜನ ಕ್ಯಾಶನ್ನು ಬಿಟ್‌ಕಾಯಿನ್ ವಿಳಾಸಕ್ಕೆ ಕಳಿಸಿ ಪರದಾಡಿದರು. ವಿಳಾಸದ ಹೊಸ ರೂಪ 2018ರ ಜನವರಿಯಲ್ಲಿ ಬಂತು.

ಕೈಯಲ್ಲಿ ನಾಣ್ಯ ಇದ್ದವರು

ಫೋರ್ಕ್ ಸುದ್ದಿ ಹಬ್ಬಿದಾಗ "ನಿಮ್ಮ ಉಚಿತ ನಾಣ್ಯ ಪಡೆಯಿರಿ" ಎಂಬ ಸಂದೇಶ ಮೊಬೈಲಿಗೆ ಬರುತ್ತದೆ, ಒತ್ತಿದರೆ 12 ಅಥವಾ 24 ಪದಗಳ ಸೀಡ್, ಅಂದರೆ ವ್ಯಾಲೆಟ್ ತೆರೆಯುವ ಗುಟ್ಟಿನ ಪದಗಳ ಸಾಲು, ಕೇಳುತ್ತದೆ. ಕೊಟ್ಟರೆ ಮೂಲ ನಾಣ್ಯವೂ ಹೋಯಿತು. 2017ರ ಬಿಟ್‌ಕಾಯಿನ್ ಗೋಲ್ಡ್ ಫೋರ್ಕಿನ ಹೊತ್ತಿಗೆ ನಕಲಿ ವ್ಯಾಲೆಟ್ ತಾಣವೊಂದು ಹೀಗೆಯೇ ಜನರ ಹಣ ಬಳಿಯಿತು. ಸರಿಯಾದ ಕ್ರಮ ತಿರುಗಾಮುರುಗಾ: ಮೊದಲು ಹೊಸ ಸೀಡಿನ ಹೊಸ ವ್ಯಾಲೆಟ್ ಮಾಡಿ ಮೂಲ ನಾಣ್ಯವನ್ನೆಲ್ಲ ಅಲ್ಲಿಗೆ ಸಾಗಿಸಬೇಕು, ಆರು ದೃಢೀಕರಣ ಆಗುವವರೆಗೆ ಕಾಯಬೇಕು, ಆಮೇಲೆ ಖಾಲಿಯಾದ ಹಳೆಯ ಕೀಲಿಯನ್ನು ಮಾತ್ರ ಹೊಸ ಕವಲಿನ ವ್ಯಾಲೆಟ್‌ನಲ್ಲಿ ತೆರೆಯಬೇಕು. ಕವಲಿನ ನಾಣ್ಯ ಎಲ್ಲೂ ಓಡಿಹೋಗುವುದಿಲ್ಲ. ಅದರ ಲೆಕ್ಕ ಫೋರ್ಕ್ ಆದ ಬ್ಲಾಕಿನ ಶಿಲ್ಕಿಗೆ ನಿಂತಿದೆ, ಮೂಲ ನಾಣ್ಯ ಆಮೇಲೆ ಸಾಗಿಸಿದರೂ ಬದಲಾಗದು. ಆದರೆ ರೀಪ್ಲೇ ತಡೆ ಇಲ್ಲದ ಫೋರ್ಕ್ ಆಗಿದ್ದರೆ ಈ ಕ್ರಮ ಸಾಲದು, ತಡೆ ಬರುವವರೆಗೆ ಎರಡನ್ನೂ ಮುಟ್ಟಬಾರದು. ನಾಣ್ಯ ಎಕ್ಸ್‌ಚೇಂಜಿನಲ್ಲೇ ಇಟ್ಟವರಿಗೆ ಕೀಲಿ ಕೈಯಲ್ಲಿಲ್ಲ; ಕವಲಿನ ನಾಣ್ಯ ಕೊಡುವುದೋ ಬಿಡುವುದೋ ಅವರ ತೀರ್ಮಾನ.

ತೆರಿಗೆಗೆ ಹೊಸ ಚೈನು ಹಳೇ ಚೈನು ಎಂಬ ಭೇದ ಮುಖ್ಯವಲ್ಲ, ಹೊಸ ಆಸ್ತಿ ಕೈಗೆ ಬಂತೇ ಎಂಬುದು ಮುಖ್ಯ. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಇಂಥ ಡಿಜಿಟಲ್ ಆಸ್ತಿ ಮಾರಿದ ಲಾಭಕ್ಕೆ ಶೇ 30 ತೆರಿಗೆ, ಖರೀದಿ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯುವಂತಿಲ್ಲ, ನಷ್ಟ ಹೊಂದಿಸುವಂತಿಲ್ಲ. ಕವಲಿನಿಂದ ಬಂದ ನಾಣ್ಯಕ್ಕೆ ಕೊಟ್ಟ ಬೆಲೆ ಸೊನ್ನೆ ಎಂದು ಹಿಡಿದರೆ, 50,000 ರೂಪಾಯಿಗೆ ಮಾರಿದಾಗ 15,000 ತೆರಿಗೆ, ಅದರ ಮೇಲೆ ಶೇ 4 ಸೆಸ್ 600, ಒಟ್ಟು 15,600. ಮೂಲ ನಾಣ್ಯದ ಖರೀದಿ ಬೆಲೆಯನ್ನು ಎರಡಕ್ಕೂ ಹಂಚಿ ತೋರಿಸುವ ಪದ್ಧತಿ ಬ್ರಿಟನ್ನಿನಲ್ಲಿದೆ. ಅದನ್ನು ಇಲ್ಲಿ ತಾನಾಗಿ ಅನ್ವಯಿಸಿಕೊಳ್ಳುವ ಮೊದಲು ಸಿಎ ಹತ್ತಿರ ಕೇಳಬೇಕು. ಫೋರ್ಕ್ ಆದ ಬ್ಲಾಕ್ ಸಂಖ್ಯೆ, ದಿನಾಂಕ, ಆ ದಿನದ ಶಿಲ್ಕಿನ ಸ್ಕ್ರೀನ್‌ಶಾಟ್ ಆಗಲೇ ತೆಗೆದಿಟ್ಟರೆ ಅವರ ಕೆಲಸ ಹಗುರಾಗುತ್ತದೆ.

ಸರ್ಕಾರಿ ದಾಖಲೆಗೆ ಬ್ಲಾಕ್‌ಚೈನ್ ತರುವ ಮಾತಿಗೂ ಈ ಪ್ರಶ್ನೆ ತಾಗುತ್ತದೆ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ವಿಶ್ವಸ್ಯ ಎಂಬ ಬ್ಲಾಕ್‌ಚೈನ್ ವೇದಿಕೆ ತಂದಿದೆ. ಅನುಮತಿ ಇದ್ದವರಷ್ಟೇ ಸೇರುವ ಜಾಲಗಳ ರಚನೆ ಬೇರೆ. ಉದಾಹರಣೆಗೆ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಎಂಬ ತಂತ್ರಾಂಶದಲ್ಲಿ ವಹಿವಾಟುಗಳ ಕ್ರಮ ನಿರ್ಧರಿಸುವ ನೋಡ್‌ಗಳು ಬ್ಲಾಕನ್ನು ಒಮ್ಮೆ ಹೊರಡಿಸಿದರೆ ಅದೇ ಅಂತಿಮ, ಬಿಟ್‌ಕಾಯಿನಿನಂತೆ ಎರಡು ತುದಿ ಹುಟ್ಟುವುದಿಲ್ಲ. ಆದರೆ ಡೇಟಾಬೇಸಿನ ಪ್ರತಿ ತೆಗೆದು ಬೇರೆ ನಿಯಮದಲ್ಲಿ ಮುಂದುವರಿಸಲು ಅಲ್ಲೂ ಅಡ್ಡಿ ಇಲ್ಲ. ಆಗ ಯಾವ ಪ್ರತಿಯ ಪಹಣಿ ಪಹಣಿ? ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 133ನೇ ಕಲಂ, ಹಕ್ಕು ದಾಖಲೆಯ ನಮೂದನ್ನು ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂದು ಊಹಿಸುತ್ತದೆ. ಆ ಊಹೆ ಕಾನೂನು ಒಪ್ಪಿದ ದಾಖಲೆಗೆ ಅಂಟಿದೆ, ಬ್ಲಾಕಿನ ಗಣಿತದ ಬೆರಳಚ್ಚಾದ ಹ್ಯಾಶಿಗೆ ಅಲ್ಲ. ಹೀಗಾಗಿ ಭೂದಾಖಲೆಯನ್ನು ಚೈನಿನ ಮೇಲೆ ಹಾಕುವ ಮೊದಲ ದಿನವೇ ಮೂರು ಸಂಗತಿ ಬರೆದಿಡಬೇಕು: ಜಾಲ ಒಡೆದರೆ ಉತ್ತರಾಧಿಕಾರಿ ಕವಲು ಯಾವುದೆಂದು ಯಾವ ಅಧಿಕಾರಿ ಘೋಷಿಸುತ್ತಾರೆ, ಯಾವ ಬ್ಲಾಕ್ ಸಂಖ್ಯೆಯಿಂದ, ಮತ್ತು ಇನ್ನೊಂದು ಕವಲಿನಲ್ಲಿ ಆ ನಡುವೆ ಬಿದ್ದ ಮ್ಯುಟೇಶನ್ನಿಗೆ ಏನು ಗತಿ. ಶಹಾಪುರ, ಸುರಪುರ ಯಾದಗಿರಿಗೆ ಸೇರಿದಾಗ ಅಲ್ಲಿನ ರೈತನ ಪಹಣಿ ಎರಡು ಜಿಲ್ಲೆಯಲ್ಲಿ ಎರಡಾಗಲಿಲ್ಲ. ಯಾವ ತಾಲೂಕು ಎತ್ತ ಎಂಬುದು ಆದೇಶದಲ್ಲೇ ಬರೆದಿತ್ತು.